ಮೇಜು ಯಾವ ಕಡೆ ತಿರುಗಬೇಕು

ತಾರೀಖು ಹದಿನಾಲ್ಕು, ಮಂಗಳವಾರ
ಕಾರ್ಖಾನೆಯ ಕಚೇರಿ ಕೋಣೆಯಿಂದ

ಉದ್ಯೋಗ ನೆರವು ಕಚೇರಿಯ ಅಧಿಕಾರಿಯವರಿಗೆ,

ನಾನು ಈ ಊರಿನ ಎಲ್ಲಕ್ಕಿಂತ ಹಳೆಯ ಬೈಂಡಿಂಗ್ ಕಾರ್ಖಾನೆಯ ಯಜಮಾನಿ. ಮೂವತ್ತೊಂದು ವರ್ಷದಿಂದ ಇದನ್ನು ನಡೆಸುತ್ತಿದ್ದೇನೆ. ನನ್ನ ಕೈಕೆಳಗೆ ಇಪ್ಪತ್ತೆರಡು ಜನ ಇದ್ದಾರೆ. ಓದಿದ್ದು ಹೈಸ್ಕೂಲಿನವರೆಗೆ ಮಾತ್ರ. ಆದರೆ ಈ ಊರಿನ ಮಕ್ಕಳ ಚೀಲದಲ್ಲಿರುವ ಪುಸ್ತಕಗಳಲ್ಲಿ ಅರ್ಧಕ್ಕರ್ಧ ನನ್ನ ಕಣ್ಣೆದುರು ರಟ್ಟು ಹೊದ್ದುಕೊಂಡು ಹೊರಟವು. ಹಾಳೆ ಕಳಚಿತು ಎಂದು ಒಂದು ಪುಸ್ತಕವೂ ನನ್ನ ಬಾಗಿಲಿಗೆ ವಾಪಸು ಬಂದದ್ದಿಲ್ಲ. ನಾನು ಬೀದಿಯಲ್ಲಿ ಹೋದರೆ ಕಾಗದದ ವ್ಯಾಪಾರಿ ಎದ್ದು ನಿಲ್ಲುತ್ತಾನೆ. ಇದನ್ನೆಲ್ಲ ಯಾಕೆ ಬರೆದೆ ಎಂದರೆ, ಅಂಗವಿಕಲರಿಗೆ ಕೆಲಸ ಕೊಡಿ ಎಂದು ನಿಮ್ಮ ಕಚೇರಿ ಕಳಿಸಿದ ಪತ್ರ ಎಂಥವರ ಕೈಗೆ ಬಂತು ಎಂಬುದು ನಿಮಗೆ ಗೊತ್ತಿರಲಿ ಅಂತ.

ಗೊತ್ತಿಲ್ಲದೆ ಏನು. ಕೆಳಗಿದ್ದ ಸಹಿ ನಿನ್ನದೇ. ಕೊನೆಯ ಅಕ್ಷರದ ಬಾಲವನ್ನು ಅಷ್ಟುದ್ದ ಎಳೆಯಬೇಡ ಎಂದು ನಿನಗೆ ಎಂಟು ವರ್ಷವಿದ್ದಾಗಲೇ ಹೇಳಿದ್ದೆ. ಈಗಲೂ ಎಳೆಯುತ್ತೀಯ. ಮೇಲೆ ಮಾತ್ರ ‘ಮಾನ್ಯರೇ’. ಹೆತ್ತ ತಾಯಿ ನಾನು, ಮಾನ್ಯರೇ ಅನ್ನಿಸಿಕೊಳ್ಳುವ ಹೊತ್ತೂ ಬಂತು. ಎಲ್ಲ ಮಾಲೀಕರಿಗೂ ಹೋದ ಒಂದೇ ಅಚ್ಚಿನ ಪತ್ರ, ನನ್ನ ವಿಳಾಸವೂ ಪಟ್ಟಿಯಲ್ಲಿತ್ತು, ಅಷ್ಟೇ ಅಂತ ನೀನು ಹೇಳಬಹುದು. ಇರಲಿ. ಪಟ್ಟಿಯಿಂದ ನನ್ನನ್ನು ಹೊಡೆದುಹಾಕದೆ ಬಿಟ್ಟೆಯಲ್ಲ.

ಮಗಳೇ, ಪತ್ರವನ್ನು ನಾನು ಮೇಜಿನ ಖಾನೆಗೆ ಹಾಕಿ ಮುಚ್ಚಿಬಿಟ್ಟಿದ್ದೆ. ಜೊತೆಗಿದ್ದ ಪ್ರಶ್ನೆಪಟ್ಟಿಯನ್ನು ಮಾತ್ರ ಓದಬಾರದಿತ್ತು, ಓದಿದೆ. ಏಳನೆಯ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ‘ನಿಮ್ಮಲ್ಲಿ ಯಾವ ಕೆಲಸವನ್ನು ನಿಂತೇ ಮಾಡಬೇಕು? ಯಾಕೆ?’ ಯಾವ ಕೆಲಸ ಎಂಬುದಕ್ಕೆ ತಕ್ಷಣ ಬರೆದೆ: ಎಲ್ಲ. ಯಾಕೆ ಎಂಬುದರ ಮುಂದೆ ಎರಡು ಗೆರೆ ಖಾಲಿ ಬಿಟ್ಟಿದ್ದೀಯ. ಆ ಎರಡು ಗೆರೆ ತುಂಬಿಸಲು ನನಗೆ ಎರಡು ತಿಂಗಳು ಹಿಡಿಯಿತು.

ನಮ್ಮಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ನೀನು ಮರೆತಿರಲಾರೆ. ಆದರೂ ಈ ಪತ್ರ ನಿನ್ನ ಕಚೇರಿಯಲ್ಲಿ ಬೇರೆಯವರ ಕೈಗೂ ಹೋಗಬಹುದು, ಅದಕ್ಕೆ ಬರೆಯುತ್ತೇನೆ. ಅಚ್ಚಾದ ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟದ ಒಂದು ಫಾರಂ ಆಗುತ್ತದೆ. ಹನ್ನೆರಡು ಫಾರಂ ಸೇರಿದರೆ ಒಂದು ಪುಸ್ತಕ. ಉದ್ದನೆಯ ಮೇಜಿನ ಸುತ್ತ ಹನ್ನೆರಡು ಗುಡ್ಡೆ ಇಟ್ಟಿರುತ್ತೇವೆ. ಜೋಡಿಸುವವರು ಗಡಿಯಾರದ ಮುಳ್ಳು ಹೋಗುವ ಹಾಗೆ ಮೇಜನ್ನು ಸುತ್ತುತ್ತಾ ಒಂದನೇ ಗುಡ್ಡೆಯಿಂದ ಒಂದು, ಎರಡನೆಯದರಿಂದ ಒಂದು ಎತ್ತಿಕೊಳ್ಳುತ್ತಾ ಹೋಗಬೇಕು. ಒಂದು ಸುತ್ತಿಗೆ ಒಂದು ಪುಸ್ತಕ. ಕಾರ್ಖಾನೆಗೆ ಸೇರಿದ ಯಾರೇ ಆಗಲಿ ಮೊದಲ ಆರು ತಿಂಗಳು ಸುತ್ತು ಹೊಡೆಯಲೇಬೇಕು. ನನ್ನ ಅತ್ತೆ ನನ್ನಿಂದಲೂ ಹೊಡೆಸಿದರು. ಇಡೀ ಕಾರ್ಖಾನೆಯಲ್ಲಿ ಕೂರಲು ಇರುವುದು ಒಂದೇ ಎತ್ತರದ ಸ್ಟೂಲು, ಅದು ಯಜಮಾನಿಯದು.

ಮೊದಲು ಮೇಸ್ತ್ರಿಯನ್ನು ಕೇಳಿದೆ, ನಾವು ಯಾಕೆ ನಿಂತು ಕೆಲಸ ಮಾಡುತ್ತೇವೆ ಅಂತ. ಇಪ್ಪತ್ತಾರು ವರ್ಷದಿಂದ ಇಲ್ಲಿರುವ ಮೇಸ್ತ್ರಿ, ಹುಬ್ಬು ಏರಿಸಿ ನನ್ನನ್ನು ನೋಡಿದ. ನಿಂತ್ರೆ ಕೈ ಚುರುಕಾಗುತ್ತೆ ಅಮ್ಮಾ ಅಂದ. ಹಾಗಾದರೆ ನಿನ್ನೆ ಸಂಜೆ ನಾಲ್ಕರ ಮೇಲೆ ಯಾರ ಕೈಯೂ ಯಾಕೆ ಚುರುಕಾಗಿರಲಿಲ್ಲ ಎಂದೆ. ಕಾಲು ನೋವು ಅಮ್ಮಾ ಅಂದ. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿದವನ ಹಾಗೆ ಅಂಟಿನ ಡಬ್ಬಿ ನೋಡುತ್ತಾ ಹೊರಟುಹೋದ.

ಆಮೇಲೆ ಅಂಟಿನಜ್ಜಿಯ ಮನೆಗೆ ಹೋದೆ. ನಿನ್ನನ್ನು ಅಂಟಿನ ಡಬ್ಬಿಯ ಪಕ್ಕ ಕೂರಿಸಿಕೊಂಡು ಕಾಗದದ ಟೋಪಿ ಮಾಡಿಕೊಡುತ್ತಿದ್ದಳಲ್ಲ, ಅವಳೇ. ಕೆಲಸ ಬಿಟ್ಟು ಬಹಳ ವರ್ಷವಾಯಿತು. ಹಲ್ಲು ಹೋಗಿದೆ, ನೆನಪು ಹೋಗಿಲ್ಲ. ನನ್ನ ಪ್ರಶ್ನೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಿಮ್ಮ ಮಾವನ ಅಪ್ಪನ ಕಾಲದಲ್ಲಿ ನಾವೆಲ್ಲ ಬೆಂಚಿನ ಮೇಲೆ ಕೂತೇ ಜೋಡಿಸ್ತಿದ್ವಿ ಕಣಮ್ಮಾ, ಫಾರಂ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗ್ತಿತ್ತು ಅಂದಳು. ಒಂದು ವರ್ಷ ನಿಮ್ಮತ್ತೆಗೆ ಸೊಂಟ ಹಿಡ್ಕೊಂಡುಬಿಡ್ತು. ನಿಂತ್ರೂ ಕಷ್ಟ, ತಗ್ಗು ಬೆಂಚಿಂದ ಏಳೋದಂತೂ ಇನ್ನೂ ಕಷ್ಟ. ಏಳುವಾಗ ನಾವೆಲ್ಲ ನೋಡ್ತೀವಲ್ಲ, ಅದು ಅವರಿಗೆ ಆಗಲಿಲ್ಲ. ಬೆಂಚೆಲ್ಲ ಒಡೆಸಿ ಒಲೆಗೆ ಹಾಕಿಸಿದ್ರು, ಒಂದು ಎತ್ತರದ ಸ್ಟೂಲು ಮಾಡಿಸ್ಕೊಂಡ್ರು. ಅವತ್ತಿಂದ ಕೂರೋದು ಅಂದ್ರೆ ಯಜಮಾನಿಕೆ ಆಗೋಯ್ತು, ನಿಲ್ಲೋದು ಅಂದ್ರೆ ಕೆಲಸ ಆಗೋಯ್ತು.

ಹೇಳಿ ಮುಗಿಸಿ ಅಜ್ಜಿ ನನ್ನ ಮುಖವನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ನಾನು ಬೇಗ ಎದ್ದು ಬಂದೆ. ಬೇಗ ಎಂದರೆ ಏಳಲು ಎಷ್ಟು ಹೊತ್ತು ಬೇಕೋ ಅಷ್ಟು.

ಅದೇ ವಾರ ಗೇಟಿನ ಮೇಲೆ ‘ಜೋಡಿಸುವವರು ಬೇಕು’ ಎಂಬ ಹಲಗೆ ಹಾಕಿಸಿದ್ದೆವು. ಹಲಗೆ ನೋಡಿ ಒಬ್ಬಳು ಬಂದಳು. ಮೂವತ್ತರ ಆಚೀಚೆ ವಯಸ್ಸು, ಎರಡು ಕಂಕುಳಲ್ಲೂ ಊರುಗೋಲು, ಬೆನ್ನಿಗೆ ಚೀಲ. ಕಚೇರಿ ಕೋಣೆಯ ಕಿಟಕಿಯಿಂದ ನನಗೆ ಎಲ್ಲ ಕಾಣುತ್ತಿತ್ತು. ಮೇಸ್ತ್ರಿ ಬಾಗಿಲಿಗೆ ಅಡ್ಡ ನಿಂತು, ಇಲ್ಲಿ ಸುತ್ತು ಹೊಡೀಬೇಕಮ್ಮಾ, ನಿನ್ನಿಂದ ಆಗುತ್ತಾ ಅಂದ.

ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. ಅದು ಅವನ ಮಾತಲ್ಲ, ನನ್ನದು. ನಿನಗೆ ಹದಿನೆಂಟು ತುಂಬಿದ ವಾರ ನೀನು ಆ ಬಾಗಿಲಲ್ಲಿ ನಿಂತು, ಅಮ್ಮಾ ನನಗೂ ಒಂದು ಸ್ಟೂಲು ಕೊಡು, ಮೇಜಿನ ಹತ್ತಿರ ಕೂತು ಕೆಲಸ ಮಾಡ್ತೀನಿ ಅಂದೆ. ನಾನು ಎಲ್ಲರೆದುರು ನಿನ್ನ ಗಿಡ್ಡ ಎಡಗಾಲನ್ನು ನೋಡಿ ಇದೇ ಮಾತು ಹೇಳಿದೆ. ನಿನಗ್ಯಾಕೆ ಕೆಲಸ, ಮನೆಯಲ್ಲಿ ರಾಣಿ ಹಾಗೆ ನೋಡಿಕೊಳ್ಳುತ್ತೇನಲ್ಲ ಎಂದೂ ಸೇರಿಸಿದೆ. ಅದು ಪ್ರೀತಿಯ ಮಾತು ಎಂದು ಹನ್ನೊಂದು ವರ್ಷ ನಂಬಿಕೊಂಡಿದ್ದೆ. ಮೇಸ್ತ್ರಿಯ ಬಾಯಲ್ಲಿ ಕೇಳಿದಾಗ ಅದು ಬೇರೆ ಥರ ಇತ್ತು.

ಬಂದವಳು ನಿನ್ನ ಹಾಗೆ ತಿರುಗಿ ಹೋಗಲಿಲ್ಲ. ಕತ್ತು ಚಾಚಿ ಒಳಗಿನ ಮೇಜನ್ನು ಒಂದು ಗಳಿಗೆ ನೋಡಿದಳು. ಸಾರ್, ಅದಕ್ಕೆ ನಾಲ್ಕು ಕಾಲಿದೆ, ನನಗಿರೋದು ಎರಡು, ಅವೂ ಸೋಮಾರಿ, ಅದೇ ಸುತ್ತಲಿ ಬಿಡಿ ಅಂದಳು. ಅಂಟು ಹಚ್ಚುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಮೇಸ್ತ್ರಿಗೆ ಸಿಟ್ಟು ಬಂತು. ನನಗೆ ಸಿಟ್ಟು ಬರಲಿಲ್ಲ, ಅದೇ ನನಗೆ ಆಶ್ಚರ್ಯ. ಮಧ್ಯಾಹ್ನ ಊಟಕ್ಕೆ ಕೂತಾಗ ತಟ್ಟೆಯನ್ನು ಬೆರಳಿನಿಂದ ಸುಮ್ಮನೆ ತಿರುಗಿಸಿ ನೋಡಿದೆ. ನಾನು ಅಲ್ಲಾಡದೆ ಕೂತಿದ್ದೆ, ತಟ್ಟೆಯ ಅಂಚೆಲ್ಲ ನನ್ನ ಮುಂದೆ ಬಂದು ಹೋಯಿತು. ಇಷ್ಟು ವರ್ಷ ಯಾರೂ ಇದನ್ನು ನೋಡಿಲ್ಲವೇ ಅನ್ನಿಸಿತು.

ಬಡಗಿಯನ್ನು ಕರೆಸಿದೆ. ದುಂಡನೆಯ ಹಲಗೆ, ನಡುವೆ ಹಳೆಯ ಕೈಗಾಡಿಯ ಬೇರಿಂಗು, ಅಂಚಿನಲ್ಲಿ ಹನ್ನೆರಡು ಗುಡ್ಡೆಗೆ ಹನ್ನೆರಡು ಮನೆ. ಪಕ್ಕದಲ್ಲಿ ಒಂದು ಕುರ್ಚಿ. ಮೇಸ್ತ್ರಿ ನೋಡಿ, ಇನ್ನು ಹಾಸಿಗೆ ದಿಂಬೂ ತರಿಸಿಬಿಡಿ ಅಮ್ಮಾ, ಮಲಗೇ ಜೋಡಿಸಲಿ ಅಂದ. ತರಿಸಿದರೆ ಮೊದಲು ನೀನೇ ಮಲಗುತ್ತೀಯ ಎಂದೆ. ಹೊಸಬಳನ್ನು ಒಂದು ತಿಂಗಳ ಮಟ್ಟಿಗೆ ನೋಡೋಣ ಎಂದು ಸೇರಿಸಿಕೊಂಡೆ. ಸಂಬಳ ಎಲ್ಲರಷ್ಟೇ. ತಿಂಗಳಾದ ಮೇಲೆ ಸರಿಹೋಗದಿದ್ದರೆ ಇಲ್ಲ. ಅವಳು, ಹಾಗೇ ಆಗಲಿ ಅಮ್ಮಾ, ಆದರೆ ನನ್ನನ್ನು ನೋಡೋಕೆ ಬಂದವರಿಗೆಲ್ಲ ಟಿಕೆಟ್ ಇಡಿ ಅಂದಳು. ಅವತ್ತು ಇಡೀ ಕಾರ್ಖಾನೆ ಏನಾದರೊಂದು ನೆಪ ಮಾಡಿಕೊಂಡು ಆ ಮೇಜಿನ ಪಕ್ಕ ಹಾದುಹೋಗುತ್ತಿತ್ತು. ನಾನೂ ನಾಲ್ಕು ಸಲ ಹೋದೆ.

ಮೂರನೆಯ ದಿನ ಎಡವಟ್ಟಾಯಿತು. ಶಾಲೆಯ ಲೆಕ್ಕದ ಪುಸ್ತಕ, ಸೋಮವಾರಕ್ಕೆ ಕೊಡಬೇಕಿತ್ತು. ನೂರ ಅರವತ್ತು ಪುಸ್ತಕ ಜೋಡಿಸಿ, ಪಿನ್ನು ಹೊಡೆದು, ರಟ್ಟು ಅಂಟಿಸಲು ಹೋದವು. ರಟ್ಟು ಅಂಟಿಸುವವಳು ಒಂದನ್ನು ತಿರುಗಿಸಿ ಕೊನೆಯ ಪುಟ ನೋಡಿದಳು. ಕೊನೆಯ ಪುಟದಲ್ಲಿ ಭಾಗಾಕಾರ ಅರ್ಧಕ್ಕೇ ನಿಂತಿತ್ತು. ಬಿಚ್ಚಿ ನೋಡಿದರೆ ಒಂದನೇ ಫಾರಂ ಸರಿ ಇದೆ, ಅದಾದ ಮೇಲೆ ಹನ್ನೆರಡನೆಯದು, ಆಮೇಲೆ ಹನ್ನೊಂದು, ಹತ್ತು. ಮೇಲಿನ ಪುಟ ಸರಿ ಇದ್ದದ್ದರಿಂದ ಪಿನ್ನು ಹೊಡೆಯುವವನ ಕಣ್ಣಿಗೆ ಬಿದ್ದಿಲ್ಲ. ಮೊದಲ ಪಾಠ ಮುಗಿಯುತ್ತಿದ್ದ ಹಾಗೇ ಉತ್ತರಗಳು, ಪ್ರಶ್ನೆಗಳೆಲ್ಲ ಆಮೇಲೆ. ಈ ಪುಸ್ತಕ ಹೀಗೇ ಹೋದ್ರೆ ಮಕ್ಕಳು ನಿಮ್ಮನ್ನ ಮೆರವಣಿಗೆ ಮಾಡ್ತಾರೆ ಅಮ್ಮಾ ಅಂದ ಮೇಸ್ತ್ರಿ.

ನಾನು ನಗಲಿಲ್ಲ. ಇಪ್ಪತ್ತೆರಡು ಜನರೆದುರು ಹೊಸಬಳನ್ನು ಕರೆದು, ನಿನ್ನಂಥವರನ್ನು ಸೇರಿಸಿಕೊಂಡದ್ದೇ ನನ್ನ ತಪ್ಪು, ನಾಳೆಯಿಂದ ಬರಬೇಡ ಎಂದೆ. ಅವಳು ಊರುಗೋಲು ತೆಗೆದುಕೊಂಡು ಎದ್ದಳು. ಸಿಮೆಂಟಿನ ನೆಲದ ಮೇಲೆ ಆ ಸದ್ದು ಗೇಟಿನವರೆಗೂ ಕೇಳಿಸಿತು. ತಪ್ಪು ಆಗುತ್ತಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ.

ಮರುದಿನ ವಾರದ ರಜೆ. ಕಾರ್ಖಾನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಕೀಲಿ ತೆಗೆದು ಒಳಗೆ ಹೋದೆ. ಅವಳಿಂದ ತಪ್ಪು ಹೇಗಾಯಿತು ಎಂದು ನೋಡಬೇಕಿತ್ತು, ಬೇರೇನೂ ಅಲ್ಲ. ಅಂಕಿ ಬಲ್ಲವಳು ಒಂದಾದ ಮೇಲೆ ಹನ್ನೆರಡನ್ನು ಯಾಕೆ ಎತ್ತಿಕೊಳ್ಳುತ್ತಾಳೆ? ಅವಳ ಕುರ್ಚಿಯಲ್ಲಿ ಕೂತೆ. ಅಲ್ಲಿಂದ ನೋಡಿದರೆ ಕಾರ್ಖಾನೆ ಬೇರೆಯೇ ಕಾಣುತ್ತದೆ. ಜನರ ಮುಖಕ್ಕಿಂತ ಮೊದಲು ಕೈ ಕಾಣುತ್ತದೆ. ಒಂದನೇ ಗುಡ್ಡೆ ನನ್ನೆದುರು ಇಟ್ಟುಕೊಂಡು, ನಾವು ಸುತ್ತುವ ಹಾಗೇ ಗಡಿಯಾರದ ಕಡೆಗೆ ಮೇಜನ್ನು ತಳ್ಳಿದೆ. ಎದುರಿಗೆ ಬಂದದ್ದು ಹನ್ನೆರಡು. ಇನ್ನೊಮ್ಮೆ ತಳ್ಳಿದೆ, ಹನ್ನೊಂದು.

ಅರ್ಧ ಗಂಟೆ ಮಗುವಿನ ಹಾಗೆ ಆ ಮೇಜನ್ನು ಅತ್ತಿತ್ತ ತಿರುಗಿಸುತ್ತಾ ಕೂತಿದ್ದೆ. ಬಸ್ಸು ಮುಂದೆ ಹೋದರೆ ಮರಗಳು ಹಿಂದೆ ಹೋಗುತ್ತವಲ್ಲ, ಅಷ್ಟೇ ವಿಷಯ. ಮನುಷ್ಯರು ನಡೆಯುತ್ತಿದ್ದ ಕಡೆಗೇ ಮೇಜೂ ತಿರುಗಿದರೆ ಎಲ್ಲ ಹಿಂದುಮುಂದು. ಮನುಷ್ಯ ಕೂತ ಮೇಲೆ ಮೇಜು ಎದುರು ದಿಕ್ಕಿಗೆ ತಿರುಗಬೇಕು. ಗಡಿಯಾರದ ಕಡೆಗೇ ತಿರುಗಿಸು, ಈ ಕಾರ್ಖಾನೆಯಲ್ಲಿ ಸುತ್ತು ಹೋಗುವುದು ಹಾಗೆಯೇ ಎಂದು ಹೊಸಬಳಿಗೆ ಹೇಳಿದವಳು ನಾನು. ಆಗ ಕಿಟಕಿಯಲ್ಲಿ ನೆರಳು ಬಿತ್ತು. ಮರೆತ ಕೊಡೆ ತೆಗೆದುಕೊಂಡು ಹೋಗಲು ಬಂದ ಮೇಸ್ತ್ರಿ. ಯಜಮಾನಿ ಕೆಲಸದ ಮೇಜಿನಲ್ಲಿ ಕೂತು ಫಾರಂ ಎತ್ತಿ ಇಡುವುದನ್ನು ನೋಡಿ, ಆರು ತಿಂಗಳು ಹೊಡೀಬೇಕಾ ಅಮ್ಮಾ ಅಂದ. ಕೊಡೆ ತಗೊಂಡು ಹೋಗು ಎಂದೆ.

ಮಗಳೇ, ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹೊಡೆದುಹಾಕಿದರೆ ಪುಟ ಕೊಳಕಾಗುತ್ತದೆ, ಅದಕ್ಕೆ ಇಲ್ಲಿ ತಿದ್ದುತ್ತೇನೆ. ಯಾರೂ ನನಗೆ ಹೇಳಿರಲಿಲ್ಲ ಎಂದೆನಲ್ಲ, ಅವಳು ಹೇಳಿದ್ದಳು. ಮೊದಲ ಪುಸ್ತಕ ಜೋಡಿಸುವಾಗಲೇ, ಅಮ್ಮಾ, ಅಂಕಿ ಹಿಂದಕ್ಕೆ ಹೋಗ್ತಿದೆ, ಆ ಕಡೆಗೆ ತಿರುಗಿಸಲಾ ಎಂದು ಕೇಳಿದಳು. ಸುತ್ತು ಯಾವ ಕಡೆಗೆ ಎಂದು ನನಗೆ ಹೇಳಿಕೊಡಬೇಡ ಎಂದೆ. ಉತ್ತರ ನನ್ನ ಹತ್ತಿರ ಮೊದಲೇ ಇತ್ತು, ಪ್ರಶ್ನೆ ಕೇಳಿಸಿಕೊಳ್ಳುವ ಅಗತ್ಯವೇ ಬೀಳಲಿಲ್ಲ. ಆ ಪುಸ್ತಕಗಳ ಹಾಗೆಯೇ. ನಾನು ಗದರಿದ್ದು ಆ ಹೊತ್ತಿಗೆ ಪಕ್ಕದಲ್ಲಿದ್ದವರಿಗೆಲ್ಲ ಕೇಳಿಸಿತ್ತು. ಅವಳನ್ನು ಕಳಿಸಿದ ದಿನ ಒಬ್ಬರೂ ಬಾಯಿಬಿಡಲಿಲ್ಲ. ಅದೂ ನಾನೇ ಕಲಿಸಿದ್ದು.

ಸಂಜೆ ಅವಳ ಮನೆ ಹುಡುಕಿಕೊಂಡು ಹೋದೆ. ಸೈಕಲ್ ರಿಪೇರಿ ಅಂಗಡಿಯ ಹಿಂದೆ ಒಂದೇ ಕೋಣೆ. ಗೋಡೆಗೆ ಒರಗಿ ಕೂತು ಇನ್ನೊಂದು ಕಡೆಗೆ ಅರ್ಜಿ ಬರೆಯುತ್ತಿದ್ದಳು. ತಪ್ಪು ನನ್ನದು, ನಾಳೆ ಬಾ ಎಂದೆ. ನಾನು ಅಷ್ಟು ಹೇಳಿದರೆ ಯಾರಾದರೂ ಅಳುತ್ತಾರೆ ಎಂದುಕೊಂಡಿದ್ದೆ. ಅವಳು ಅಳಲಿಲ್ಲ, ಅರ್ಜಿಯನ್ನೂ ಮುಚ್ಚಿಡಲಿಲ್ಲ. ಅಮ್ಮಾ, ಹನ್ನೊಂದು ಕಡೆ ಕೇಳಿದೀನಿ, ಎಲ್ಲರೂ ಬಾಗಿಲಲ್ಲೇ ಬೇಡ ಅಂದ್ರು, ಒಳಗೆ ಕರ್ಕೊಂಡು ಬೇಡ ಅಂದವರು ನೀವೊಬ್ಬರೇ ಅಂದಳು. ಪೆನ್ನು ಕೆಳಗಿಟ್ಟು, ಬರ್ತೀನಿ, ಆದರೆ ಇಲ್ಲಿ ಹೇಳಿದ್ದನ್ನ ಅಲ್ಲೂ ಹೇಳಿ, ಮೊದಲನೇ ಮಾತು ಎಲ್ಲರಿಗೂ ಕೇಳಿಸಿದೆ, ಎರಡನೇದು ನನಗೊಬ್ಬಳಿಗೇ ಕೇಳಿಸಿದ್ರೆ ಏನು ಬಂತು ಅಂದಳು.

ದಾರಿಯುದ್ದಕ್ಕೂ ಅವಳನ್ನು ಬೈದುಕೊಂಡು ಬಂದೆ. ಬೆಳಿಗ್ಗೆ ಎಲ್ಲರನ್ನೂ ಆ ಮೇಜಿನ ಸುತ್ತ ನಿಲ್ಲಿಸಿ ಹೇಳಿದೆ. ದಿಕ್ಕು ಹೇಳಿಕೊಟ್ಟವಳು ನಾನು. ಅವಳು ಸರಿಯಾಗಿಯೇ ಎಚ್ಚರಿಸಿದಳು, ನಾನು ಬಾಯಿ ಮುಚ್ಚಿಸಿದೆ. ನಿನ್ನಂಥವರು ಎಂದದ್ದು ನನ್ನ ನಾಲಿಗೆಯ ಕೊಬ್ಬು. ಇಷ್ಟೇ ಮಾತು. ಮೇಸ್ತ್ರಿ ಸುಮ್ಮಸುಮ್ಮನೆ ಕೆಮ್ಮಿದ. ಆಮೇಲೆ ಎಲ್ಲರೂ ಸೇರಿ ನೂರ ಅರವತ್ತು ಪುಸ್ತಕದ ಪಿನ್ನು ಕಿತ್ತು ಹೊಸದಾಗಿ ಜೋಡಿಸಿದೆವು. ಪಿನ್ನು ಕೀಳುವವರಲ್ಲಿ ನಾನೂ ಇದ್ದೆ. ಪುಸ್ತಕ ಎರಡು ದಿನ ತಡವಾಗಿ ಹೋದವು. ಹೆಡ್ಮಾಸ್ತರಿಗೆ ಕಾರಣವನ್ನು ಇದ್ದ ಹಾಗೇ ಹೇಳಿದೆ.

ತಿಂಗಳು ಕಳೆದ ವಾರ ಮುಗಿಯಿತು. ಅವಳು ಮಾಯ ಮಾಡಿದಳು ಎಂದು ನಾನು ಬರೆಯುವುದಿಲ್ಲ. ನಿನ್ನ ಕಚೇರಿಯವರಿಗೆ ಅಂಥ ಕಥೆ ಇಷ್ಟವಿರಬಹುದು. ನಮ್ಮ ಚುರುಕಾದ ಇಬ್ಬರಷ್ಟು ವೇಗ ಅವಳಿಗಿಲ್ಲ, ಉಳಿದವರಿಗಿಂತ ಕಡಿಮೆಯೂ ಇಲ್ಲ. ಸಂಜೆ ನಾಲ್ಕರ ಮೇಲೆ ಮಾತ್ರ ಎಲ್ಲರಿಗಿಂತ ಮುಂದಿರುತ್ತಾಳೆ, ಯಾಕೆಂದು ಮೇಸ್ತ್ರಿಗೆ ಈಗ ಗೊತ್ತು. ಬಾಯಿ ಜಾಸ್ತಿ. ಎರಡು ಸಲ ತಡವಾಗಿ ಬಂದಳು, ಎರಡು ಸಲವೂ ಬೈದೆ. ಎಲ್ಲರನ್ನೂ ಬೈಯುವಷ್ಟೇ ಬೈದೆ, ಅಳತೆ ತಪ್ಪಲಿಲ್ಲ. ಕೆಲಸ ಕಾಯಂ ಎಂದು ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ಅವಳು ಕಾಗದವನ್ನು ಮೂರು ಸಲ ಓದಿ, ಅಕ್ಷರ ಚೆನ್ನಾಗಿದೆ ಅಮ್ಮಾ ಅಂದಳು. ಅವಳ ಕಣ್ಣಲ್ಲಿ ನೀರು ನೋಡಿದ್ದು ಆಗ ಮಾತ್ರ, ನಾನು ನೋಡಿದೆ ಎಂದು ಅವಳಿಗೆ ಗೊತ್ತಿಲ್ಲ.

ಇನ್ನು ಕುರ್ಚಿಯ ವಿಷಯ. ಬಡಗಿ ಹನ್ನೆರಡು ಎತ್ತರದ ಸ್ಟೂಲು ಮಾಡಿ ತಂದಿಟ್ಟಿದ್ದಾನೆ, ಉದ್ದ ಮೇಜಿನಲ್ಲೂ ಇನ್ನು ಅಜ್ಜಿಯ ಕಾಲದ ಹಾಗೆ ಫಾರಂ ಕೈಯಿಂದ ಕೈಗೆ ಹೋಗುತ್ತದೆ. ಮೊದಲ ದಿನ ಯಾರೂ ಕೂರಲಿಲ್ಲ, ನನ್ನ ಮುಖ ನೋಡಿದರು. ಮೇಸ್ತ್ರಿಯನ್ನು ಹೆಸರು ಹಿಡಿದು ಕರೆದು ಕೂರಿಸಬೇಕಾಯಿತು. ಈಗ ಅವನನ್ನು ಎಬ್ಬಿಸುವುದೇ ಒಂದು ಕೆಲಸ.

ದುಂಡು ಮೇಜಿಗೆ ಎರಡನೆಯ ಕುರ್ಚಿಯೂ ಬಂದಿದೆ, ಹೊಸಬಳ ಎದುರಿಗೆ. ಅದಕ್ಕೆ ಕಾಲಿಡಲು ಒಂದು ಹಲಗೆ ಇದೆ, ಎಡಗಡೆ ಎರಡೂವರೆ ಬೆರಳು ಎತ್ತರ. ಇದು ಯಾರ ಅಳತೆ ಅಮ್ಮಾ, ಅವರು ಬಂದು ಕೂತು ನೋಡಬೇಡವೇ ಎಂದು ಬಡಗಿ ಕೇಳಿದ. ಬೇಡ, ನನಗೆ ಗೊತ್ತು ಎಂದೆ. ಹತ್ತು ವರ್ಷ ನಿನ್ನ ಎಡಗಾಲಿನ ಬೂಟಿಗೆ ಅಟ್ಟೆ ಹಾಕಿಸಿಕೊಂಡು ಬಂದವಳು ನಾನು. ಬಾ ಎಂದು ನಾನು ಕರೆಯುತ್ತಿಲ್ಲ. ನಿನಗೆ ನಿನ್ನ ಕೆಲಸ ಇದೆ, ಅದರಲ್ಲಿ ನೀನು ಗಟ್ಟಿಗಿತ್ತಿ ಎಂದು ಆ ಏಳನೆಯ ಪ್ರಶ್ನೆಯಿಂದಲೇ ತಿಳಿಯಿತು. ನೀನು ಕೇಳಿದ್ದೆ, ಈಗ ಅದು ಇಲ್ಲಿದೆ. ಹನ್ನೊಂದು ವರ್ಷ ತಡವಾಗಿ ಇದೆ. ಬೇರೆ ಯಾರೂ ಅದರಲ್ಲಿ ಕೂರಬಾರದು ಎಂಬ ನಿಯಮವನ್ನೂ ನಾನು ಮಾಡಿಲ್ಲ. ಅಂಥ ನಿಯಮ ಈ ಮನೆಯಲ್ಲಿ ಸಾಕಾಗಿದೆ.

ನಿನ್ನ ಪತ್ರದ ಮಾನ್ಯರು, ನಿನ್ನ
ಅಮ್ಮ

ಕೊಸರು: ಪ್ರಶ್ನೆಪಟ್ಟಿ ತುಂಬಿ ಜೊತೆಗೆ ಇಟ್ಟಿದ್ದೇನೆ. ಏಳನೆಯದರ ಮುಂದೆ ‘ಎಲ್ಲ’ ಎಂಬುದನ್ನು ಹೊಡೆದು ‘ಯಾವುದೂ ಇಲ್ಲ’ ಎಂದು ಬರೆದಿದೆ. ಎರಡನೆಯ ಪ್ರಶ್ನೆ, ನಿಮ್ಮಲ್ಲಿ ಕೆಲಸ ಮಾಡುವ ಅಂಗವಿಕಲರು ಎಷ್ಟು ಜನ ಎಂಬುದಕ್ಕೆ ‘ಇಬ್ಬರು’ ಎಂದಿದೆ. ಕೈತಪ್ಪು ಎಂದುಕೊಂಡು ತಿದ್ದಬೇಡ. ಒಬ್ಬಳು ಹೊಸಬಳು. ಇನ್ನೊಬ್ಬಳಿಗೆ ಆರು ವರ್ಷದಿಂದ ಸೊಂಟ ನಿಲ್ಲಗೊಡುವುದಿಲ್ಲ, ಮೆಟ್ಟಿಲು ಹತ್ತಿ ಮಹಡಿಯ ಗೋದಾಮು ನೋಡಿ ನಾಲ್ಕು ವರ್ಷವಾಯಿತು. ಎತ್ತರದ ಸ್ಟೂಲು ಇದ್ದದ್ದರಿಂದ ಯಾರಿಗೂ ತಿಳಿದಿರಲಿಲ್ಲ. ಮೊನ್ನೆ ಎಲ್ಲರೆದುರು ಹೊಸಬಳ ಒಂದು ಊರುಗೋಲು ಕೇಳಿ ಪಡೆದು, ಅವಳು ಹಿಡಿಯುವುದು ಹೇಗೆಂದು ತೋರಿಸಿಕೊಟ್ಟ ಮೇಲೆ, ಬಾಗಿಲಿನಿಂದ ಮೇಜಿನವರೆಗೆ ನಡೆದು ಬಂದೆ.